ಚರ್ಚಿನಲ್ಲಿ ದೀರ್ಘದಂಡ ನಮಸ್ಕಾರ

ಇದು ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಭೌತಶಾಸ್ತ್ರ ಓದಿದವನು ನಾನು. ಸಾಕ್ಷಿಯಿಲ್ಲದೆ ನನ್ನ ನೆನಪನ್ನೂ ನಂಬುವುದಿಲ್ಲ. ಇರುವ ಸಾಕ್ಷಿ ಒಂದು ಫೋಟೊ. ಹೋದ ತಿಂಗಳು ಅಹಮದಾಬಾದಿನ ನಮ್ಮ ಫ್ಲ್ಯಾಟಿನಲ್ಲಿ ಕಪಾಟು ಜಾಡಿಸುವಾಗ ಸಿಕ್ಕಿತು. ಚರ್ಚಿನ ತುಂಬ ಜನ ಮೊಣಕಾಲೂರಿದ್ದಾರೆ. ನಡುದಾರಿಯಲ್ಲಿ ಎರಡು ಅಂಗಾಲು ಮಾತ್ರ ಕಾಣುತ್ತವೆ. ಅವು ನಮ್ಮಪ್ಪನವು.

ಅಪ್ಪನನ್ನು ಬ್ಯಾಂಕಿನವರು ಧಾರವಾಡದಿಂದ ವಡೋದರಾಕ್ಕೆ ವರ್ಗ ಮಾಡಿದ್ದರು. ಅಲ್ಲಿನ ಕಾಲೇಜಿನಲ್ಲಿ ಅಕ್ಕನಿಗೆ ಒಬ್ಬ ಗುಜರಾತಿ ಕ್ಯಾಥೊಲಿಕ್ ಹುಡುಗ ಸಿಕ್ಕ. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

“ಚರ್ಚಿನ ಮದುವಿಗೆ ಬರ್ತೀನಿ, ಹಿಂದಿನ ಬೆಂಚಿನ್ಯಾಗ ಕೂಡ್ತೀನಿ,” ಎಂದ. “ಮೊಣಕಾಲೂರು ಅನಬ್ಯಾಡ್ರಿ ಮತ್ತ. ಅರ್ಧಾ ಬಗ್ಗೂದು ನನಗ ಬರಂಗಿಲ್ಲ.”

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. “ಎಲ್ಲಾರೂ ಮೊಣಕಾಲೂರಿದಾಗ ಅಪ್ಪ ಕೈಕಟ್ಟಿ ಕೂತ್ನಂದ್ರ, ಈ ಮದುವಿ ನನಗ ಒಪ್ಪಿಗಿಲ್ಲ ಅಂತ ಮೈಕಿನ್ಯಾಗ ಹೇಳಿದಂಗ.”

“ಮೊಣಕಾಲು ಅಂದ್ರ ಬರೇ ಒಂದು ಕೀಲು,” ಎಂದು ಸಮಾಧಾನ ಹೇಳಿದೆ. ಅವಳು ಲಟ್ಟಣಿಗೆ ತೋರಿಸಿದಳು.

ಮದುವೆಯ ದಿನ ಅಪ್ಪ ರೂಢಿಯಂತೆ ಚರ್ಚಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಒಳಗೆ ಎಲ್ಲರೂ ಏಳುವಾಗ ಕೂತ, ಕೂರುವಾಗ ಎದ್ದ. “ಏನಲೇ ಇದು, ದೇವರ ಮುಂದ ಡ್ರಿಲ್ಲು?” ಎಂದು ನನ್ನ ಕಿವಿಯಲ್ಲಿ ಕೇಳಿದ. ನಾನು ಪಕ್ಕದವನನ್ನು ನೋಡಿ ಕಾಪಿ ಹೊಡೆಯುತ್ತಿದ್ದೆ. ಅವನು ವರನ ಜೈನ ಗೆಳೆಯ. ಅವನೂ ಮುಂದಿನವರನ್ನು ನೋಡಿಯೇ ಏಳುತ್ತಿದ್ದ.

ಗಂಟೆ ಬಾರಿಸಿತು. ಪಾದ್ರಿ ಪ್ರಸಾದದ ರೊಟ್ಟಿಯನ್ನು ಮೇಲೆತ್ತಿದರು. ಇಡೀ ಚರ್ಚು ಮೊಣಕಾಲೂರಿತು. ಅಪ್ಪನೊಬ್ಬ ನಿಂತೇ ಇದ್ದ. ಅಕ್ಕ ಮುಸುಕಿನೊಳಗಿಂದ ಹಿಂದಕ್ಕೆ ತಿರುಗಿದಳು. ಅಪ್ಪ ಅವಳ ಮುಖ ನೋಡಿದ. ಹೆಗಲ ಶಲ್ಯ ಸೊಂಟಕ್ಕೆ ಸುತ್ತಿಕೊಂಡು, ನಡುದಾರಿಗೆ ಬಂದು, ಹಣೆ ನೆಲಕ್ಕೆ ಹಚ್ಚಿ ಉದ್ದಕ್ಕೆ ಮಲಗಿಬಿಟ್ಟ. ದೇವರ ಮುಂದೆ ಬಾಗುವುದೆಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ.

“ಪಾಣಿ ಲಾವೋ, ವೇವಾಯಿ ಪಡೀ ಗಯಾ,” ಎಂದು ವರನ ಅಜ್ಜಿ ಗುಜರಾತಿಯಲ್ಲಿ ಕೂಗಿದರು. ಬೀಗರು ಬಿದ್ದರು, ನೀರು ತನ್ನಿ ಅಂತ. ಅಕ್ಕನ ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಳು ಎಂದು ನನ್ನ ನೆನಪು; ಅಳುತ್ತಿದ್ದೆ ಎಂದು ಅವಳು ಹೇಳುತ್ತಾಳೆ.

ಊಟದ ಹೊತ್ತಿಗೆ ಪಾದ್ರಿ ತಟ್ಟೆ ಹಿಡಿದು ಅಪ್ಪನ ಬಳಿ ಬಂದರು. “ಅಂಕಲ್, ಸಾಲ್ ಮೇ ಏಕ್ ಬಾರ್ ಹಮ್ ಭೀ ಐಸೇ ಹೀ ಲೇಟ್ತೇ ಹೈಂ.” ವರ್ಷಕ್ಕೊಮ್ಮೆ ತಾವೂ ಹೀಗೇ ಮಲಗುತ್ತಾರಂತೆ. ಅಪ್ಪ ಆ ಖುಷಿಗೆ ಇನ್ನೊಂದು ಬಟ್ಟಲು ಶ್ರೀಖಂಡ ಹಾಕಿಸಿಕೊಂಡ.

ಪಾದ್ರಿ ಅಂಥ ಮಾತು ಆಡಲೇ ಇಲ್ಲ, ಮರುದಿನ ತನ್ನನ್ನು ಗಂಡನ ಮನೆಗೆ ಬಿಡಲು ಹೊರಟ ಸೂರತ್ತಿನ ರೈಲಿನಲ್ಲಿ ಅಪ್ಪನೇ ಅದನ್ನು ಕಟ್ಟಿದ ಎನ್ನುತ್ತಾಳೆ ಅಕ್ಕ. ಆಡಿದ್ದರೂ ಮುದುಕನ ಮುಜುಗರ ತಪ್ಪಿಸಲು ಆಡಿದ್ದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಫೋಟೊ ಸಿಕ್ಕ ಮೇಲೆ ಸುಮ್ಮನಿರಲಾಗಲಿಲ್ಲ. ವರ್ಷಕ್ಕೊಮ್ಮೆ ಎಂದರೆ ಯೇಸು ಸತ್ತ ದಿನವೇ ಇರಬೇಕೆಂದು, ಈ ಗುಡ್ ಫ್ರೈಡೇಗೆ ವಡೋದರಾಕ್ಕೆ ಹೋಗಿ ಅದೇ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತೆ. ಹೊಸ ಪಾದ್ರಿ, ಎಳೆಯ ವಯಸ್ಸು. ಮಾತಿಲ್ಲದೆ ಬಂದರು, ಬೋಳು ಪೀಠದ ಮುಂದೆ, ಬರಿ ನೆಲದ ಮೇಲೆ, ಮುಖ ಕೆಳಗೆ ಮಾಡಿ ಉದ್ದಕ್ಕೆ ಮಲಗಿದರು. ಜನ ಮೊಣಕಾಲೂರಿದರು. ನಾನೂ ಊರಿದೆ. ಅಲ್ಲಿಂದ ನನಗೆ ಕಂಡದ್ದು ಎರಡು ಅಂಗಾಲು ಮಾತ್ರ.