ಕೆನಾಲ್ ದಂಡೆಯ ಎರಡು ಕೊಡ

"ಸರ, ಆ ಕಾಲು ಕೆನಾಲ್‌ದಾಗ ಇಡಬ್ಯಾಡ್ರಿ!"

ಚಪ್ಪಲಿ ಬಿಟ್ಟು ನೀರಿಗೆ ಇಳಿಯಲಿದ್ದವನು ಬೆಚ್ಚಿ ನಿಂತೆ. ಕೂಗಿದ್ದು ನಮ್ಮೂರು ಕೊಂಕಲ್ ಹತ್ತಿರದ ಗೋಶಾಲೆಯಲ್ಲಿ ಸಗಣಿ ಬಳಿಯುವ ಮುದುಕಿ. ಅಲ್ಲಿನ ದನಗಳಿಗೆ ಕಾಲುಬಾಯಿ ಬೇನೆ ಬಂದಿತ್ತು. ಮೇವು ಕೊಡಲು ಹೋದ ನಾನು ಕೊಟ್ಟಿಗೆಯೊಳಗೆಲ್ಲ ತಿರುಗಿ, ಕಾಲು ತೊಳೆಯಲು ಎದುರಿನ ಕಾಲುವೆಗೆ ಬಂದಿದ್ದೆ.

"ಕೆಳಗಿನ ಊರಿನ ದನ ಇದೇ ನೀರು ಕುಡೀತಾವ್ರಿ," ಎಂದಳು.

ನನ್ನನ್ನು ದೂರದ ಸುಣ್ಣ ಹಾಕಿದ ತೆಗ್ಗಿನ ಬಳಿ ನಿಲ್ಲಿಸಿದಳು. ದಂಡೆಯ ಮೇಲೆ ನಿಂತೇ, ಹಗ್ಗ ಕಟ್ಟಿದ ಕೊಡದಿಂದ ನೀರು ಸೇದಿ, ಇನ್ನೊಂದು ಕೊಡಕ್ಕೆ ಸುರಿದು ತಂದು ನನ್ನ ಕಾಲಿಗೆ ಹಾಕಿದಳು. ದಂಡೆಯ ಕೊಡ ಗೋಶಾಲೆಯೊಳಗೆ ಬರುವುದಿಲ್ಲ, ಗೋಶಾಲೆಯ ಕೊಡ ಕಾಲುವೆಯನ್ನು ಮುಟ್ಟುವುದಿಲ್ಲ. ಬೇನೆ ಬಂದಂದಿನಿಂದ ಅಷ್ಟೂ ದನಗಳ ಕುಡಿಯುವ ನೀರು, ತೊಳೆಯುವ ನೀರು ಎಲ್ಲವನ್ನೂ ಆ ಮುದುಕಿ ಹೀಗೆಯೇ ಹೊತ್ತಿದ್ದಾಳೆ!

"ಕೆಳಗಿನ ಊರಾಗ ನಿಮ್ಮ ದನ ಅದಾವೇನವ್ವಾ?" ಎಂದೆ.

"ನನಗೆಲ್ಲಿ ದನ್ರಿ? ಯಾರವಾದ್ರೂ ಇರ್ತಾವಲ್ಲ."

ಈ ಕಾಲುವೆ ನಮ್ಮೂರಿಗೆ ಬರುತ್ತದೆ ಎಂದಷ್ಟೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಮುಂದಕ್ಕೂ ಹೋಗುತ್ತದೆ ಎಂಬುದು ಅವತ್ತು ಕಣ್ಣಿಗೆ ಬಿತ್ತು.