ಅಜ್ಜಂಪುರದ ಹೊಲದಲ್ಲಿ ಕೇಳಿದ ಕೆಮ್ಮು

ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಹೆಣ ಕುಯ್ಯುವುದು ನನ್ನ ಉದ್ಯೋಗವಾಗಿತ್ತು. ದೆವ್ವದ ಕಥೆ ಕಟ್ಟಿದರೆ ಕೆಡುವುದು ನನ್ನ ಹೆಸರೇ. ಯಗಟಿಯ ಕುರಿ ಸಾಕುವ ಮನೆಯಿಂದ ಹೊರಟು, ಮದರಾಸಿನಲ್ಲಿ ಅರೆಹೊಟ್ಟೆಯಲ್ಲಿ ಓದಿ, ನಮ್ಮ ಕುಲಕ್ಕೇ ಮೊದಲ ಪದವಿ ತಂದವನು ನಾನು. ಆ ಪದವಿಯ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಇದು ನಡೆದದ್ದು.

ಮಹಾರಾಜರ ಸರ್ಕಾರದ ಕಾಲ. ನಾನು ತರೀಕೆರೆ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರದ ಚನ್ನಬಸಪ್ಪ ಎಂಬ ಯಜಮಾನರು ತೀರಿಕೊಂಡಿದ್ದರು. ಹೊಟ್ಟೆನೋವೆಂದು ಕರೆಸಿದ ಕಡೂರಿನ ಖಾಸಗಿ ಡಾಕ್ಟರು ಮಾರ್ಫಿಯಾ ಸೂಜಿ ಚುಚ್ಚಿದ್ದರು. ಸಂಜೆಗೆ ಅವರೇ ನಾಡಿ ಹಿಡಿದು ನೋಡಿ, ಪ್ರಾಣ ಹೋಗಿದೆ ಎಂದರು. ಕತ್ತಲಾಗುವ ಮೊದಲೇ ಮಣ್ಣು ಮಾಡಿದರು.

ವಾರ ಕಳೆದ ಮೇಲೆ ಹಿರಿಯ ಮಗ ರುದ್ರಪ್ಪ ಪೊಲೀಸಿಗೆ ದೂರು ಕೊಟ್ಟ. ಸತ್ತ ತಮ್ಮನ ಹೆಂಡತಿ ಗಂಗವ್ವ ಹಾಲಿನಲ್ಲಿ ಅಫೀಮು ಬೆರೆಸಿ ಮಾವನನ್ನು ಕೊಂದಳಂತೆ. ಅವಳು ಗಂಡನ ಪಾಲಿನ ತೋಟ ಕೇಳಿದ್ದಳು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ತರೀಕೆರೆ ಲಾಕಪ್ಪಿನಲ್ಲಿ ಅವಳನ್ನು ನಾನು ನೋಡಿದ್ದೆ.

“ಹಾಲು ಕುಡ್ಸಿದ್ದು ನಾನೇ ಸ್ವಾಮಿ,” ಅಂದಳು. “ಬರೀ ಹಾಲು.”

ಮಾವನ ಹೊಟ್ಟೆಯಲ್ಲಿ ಅಫೀಮು ಸಿಕ್ಕರೆ ಅವಳಿಗೆ ನೇಣು.

ಹೆಣ ಅಗೆದು ತೆಗೆಯಲು ಅಮಲ್ದಾರರ ಹುಕುಂ ಹಿಡಿದು ನಾವು ಹೂತ ಹೊಲ ಮುಟ್ಟುವಾಗ ಹೊತ್ತು ಇಳಿದಿತ್ತು. ಎರೆ ಮಣ್ಣು, ಸುತ್ತ ಒಂದು ಮರವಿಲ್ಲ. ಲಿಂಗಾಯತರ ಪದ್ಧತಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗುಂಡಿಯೊಳಗಿನ ಗೂಡಿನಲ್ಲಿ ಪದ್ಮಾಸನ ಹಾಕಿ ಕೂರಿಸಿ, ಎಡ ಅಂಗೈ ಮೇಲೆ ಇಷ್ಟಲಿಂಗವಿಟ್ಟು, ತಲೆ ಮುಚ್ಚುವವರೆಗೂ ಉಪ್ಪು, ವಿಭೂತಿ ತುಂಬುತ್ತಾರೆ. ಅಗೆದಾಗ ಯಜಮಾನರು ಕೂತೇ ಇದ್ದರು. ಉಪ್ಪಿಗೆ ಮೈ ಸೆಟೆದು ಒಣಗಿತ್ತು. ಮೇಲೆತ್ತಿ ಮಲಗಿಸಲು ನೋಡಿದೆವು... ಕಾಲು ಬಿಚ್ಚಲಿಲ್ಲ.

ಪೇದೆ ನಂಜಪ್ಪ ಲಾಟೀನು ತಗ್ಗಿಸಿ ಆ ಎಡಗೈ ನೋಡಿದ. “ಸ್ವಾಮಿ, ಅಯ್ನೋರು ಲಿಂಗವ ಅಂಗೈ ಮೇಲೆ ಮಡಗ್ತಾರೆ ಅಷ್ಟೆ. ಇವ್ರು ಮುಷ್ಟಿ ಕಟ್ಟವ್ರೆ.”

“ಮೈ ಒಣಗ್ದಾಗ ಬೆರಳು ಮುದುರುತ್ತೆ ಕಣೋ,” ಅಂದೆ. ಹಾಗೇ ಓದಿದ್ದೆ.

ದೀಪದ ಬೆಳಕಿನಲ್ಲಿ ಹೆಣ ಕುಯ್ಯಬಾರದು. ಕರುಳಿನ, ರಕ್ತದ ಬಣ್ಣ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಬೆಳಗಾಗುವವರೆಗೂ ಕಾಯಬೇಕಾಯಿತು. ಹೊಲದ ಗುಡಿಸಿಲಲ್ಲಿ ಯಜಮಾನರನ್ನು ಗೋಡೆಗೆ ಒರಗಿಸಿ ಕೂರಿಸಿ, ಕಂಬಳಿ ಹೊದಿಸಿದೆವು. ನಾನೂ ನಂಜಪ್ಪನೂ ಬಾಗಿಲಲ್ಲಿ ಕೂತೆವು. ವಿಭೂತಿ ವಾಸನೆ, ಅದರಡಿಯಿಂದ ಸಿಹಿಸಿಹಿಯಾದ ಇನ್ನೊಂದು ವಾಸನೆ...

ರುದ್ರಪ್ಪ ಬಂದು ಎಲೆಯಡಿಕೆ ಚೀಲ ಬಿಚ್ಚಿದ.

“ಏನ್ ಡಾಕ್ಟ್ರೇ, ಕುರಿ ಕುಯ್ಯೋ ಕೈ ಚೆನ್ನಾಗಿ ಪಳಗಿರ್ಬೇಕು ನಿಮ್ಗೆ. ಅಪ್ಪನ ಹೊಟ್ಟೆ ಒಂದ್ ನೋಡಿ ಸಾಕು. ಬ್ಯಾರೆ ಕಡೆ ಕತ್ತಿ ಆಡಿಸ್ಬೇಡಿ. ದೊಡ್ಡ ಜೀವ.”

“ಎಲ್ಲಿ ಕುಯ್ಬೇಕು ಅಂತ ನಂಗೆ ಕಲ್ಸಿ ಕಳ್ಸವ್ರೆ,” ಅಂದೆ.

“ಮೂಗು ಮುಚ್ಚೋಗಂಟ ಬೂದಿ ತುಂಬಿದ್ದು ಈ ಕೈಯಲ್ಲೇ ಕಣ್ರೀ. ಮಗ ಮಾಡ್ಬೇಕಾದ್ದು ಮಾಡಿದೀನಿ. ಆ ಮುಂಡೆ ನೇಣಿಗೆ ಹೋಗೋದೊಂದು ಬಾಕಿ.” ನಗುತ್ತಲೇ ಎದ್ದುಹೋದ.

ಅಜ್ಜಂಪುರ ಸ್ಟೇಷನ್ನಿನ ಕಡೆ ರೈಲು ಕೂಗಿ ಸುಮ್ಮನಾಯಿತು. ಲಾಟೀನಿಗೆ ಎಣ್ಣೆ ತೀರುತ್ತಾ ಬಂತು. ನನಗೆ ಜೊಂಪು ಹತ್ತಿತ್ತು...

ಯಾರೋ ಕೆಮ್ಮಿದರು.

“ನೀರು ಕುಡಿಯೋ,” ಅಂದೆ.

“ನಾನಲ್ಲ ಸ್ವಾಮಿ. ನೀವು ಅಂದ್ಕಂಡೆ.”

ಇಬ್ಬರೂ ಉಸಿರು ಬಿಗಿಹಿಡಿದೆವು. ಮತ್ತೆ ಬಂತು. ಬಾಯಿಗೆ ಹಿಟ್ಟು ತುಂಬಿಕೊಂಡು ಕೆಮ್ಮಿದ ಹಾಗೆ, ಒಣಕಲು, ಮಂದ.

“ಕುರಿ ಇರ್ಬೇಕು ಬಿಡಿ,” ಅಂದ ನಂಜಪ್ಪ.

ಕುರಿಯ ಕೆಮ್ಮು ನನಗೆ ಗೊತ್ತಿಲ್ಲವೇ? ಮಂದೆಯ ಮಧ್ಯೆ ಮಲಗಿ ಬೆಳೆದವನು. ಕುರಿ ಒಮ್ಮೆ ಕೆಮ್ಮಿ ಬಿಟ್ಟುಬಿಡುತ್ತದೆ. ಇದು ಹಾಗಲ್ಲ... ಕೆಮ್ಮಿದ ಮೇಲೆ ಕೀಚಲಾಗಿ ಉಸಿರು ಒಳಗೆಳೆದುಕೊಳ್ಳುತ್ತಿತ್ತು. ಎಳೆಯಲು ಆಗದೆ ಮತ್ತೆ ಕೆಮ್ಮುತ್ತಿತ್ತು.

ನಾನು ಒಳಗೆ ಹೋಗಿ ಕಂಬಳಿ ಸರಿಸಿದೆ. ಯಜಮಾನರು ಒರಗಿಸಿದ ಹಾಗೇ ಇದ್ದರು. ಶಬ್ದ ನಿಂತಿತು.

ಬೆಳಗಾಯಿತು. ಅಫೀಮಿನ ಕೇಸಿಗೆ ಹೊಟ್ಟೆ, ಪಿತ್ತಜನಕಾಂಗ, ಮೂತ್ರಪಿಂಡ ತೆಗೆದು ಜಾಡಿಗೆ ಹಾಕಿ, ಮೊಹರು ಮಾಡಿ ಬೆಂಗಳೂರಿಗೆ ಕಳಿಸಿದರೆ ನನ್ನ ಕೆಲಸ ಮುಗಿದಂತೆ. ಅಷ್ಟು ಮಾಡಿ ಕತ್ತಿ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡು ಗಂಟಲು ಸೀಳಿದೆ.

ಶ್ವಾಸನಾಳದ ತುಂಬ ಬೂದಿ. ಲೋಳೆಗೆ ಅಂಟಿ, ಶ್ವಾಸಕೋಶದ ಕವಲುಗಳವರೆಗೂ ಇಳಿದಿತ್ತು. ಸತ್ತವನ ಬಾಯಿಗೆ ಸುರಿದ ಬೂದಿ ಗಂಟಲಲ್ಲೇ ಉಳಿಯುತ್ತದೆ. ಅಷ್ಟು ಆಳಕ್ಕೆ ಹೋಗಬೇಕಾದರೆ ಉಸಿರೇ ಅದನ್ನು ಎಳೆದುಕೊಳ್ಳಬೇಕು. ಸೂಜಿಮದ್ದು ಹೆಚ್ಚಾಗಿ ಮೈಮರೆತು ಬಿದ್ದಿದ್ದ ಮನುಷ್ಯನನ್ನು ಕೂರಿಸಿ ಹೂತಿದ್ದರು.

ರುದ್ರಪ್ಪನನ್ನು ಕರೆದು ತೋರಿಸಿದೆ. “ನಿಮ್ಮಪ್ಪನ್ನ ಕೊಂದಿದ್ದು ಹಾಲಲ್ಲ. ನೀವು ಬೂದಿ ತುಂಬ್ವಾಗ ಅವ್ರು ಉಸಿರಾಡ್ತಿದ್ರು.”

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, “ಹಂಗಾರೆ... ಅದು ಕುರಿಯಲ್ವಾ?”

“ಯಾವ್ದು?”

“ಮಣ್ ಮಾಡಿದ್ ರಾತ್ರಿ ದೀಪ ಹಚ್ಚಕ್ಕೆ ಬಂದಿದ್ದೆ. ಕೆಮ್ಮು ಕೇಳಿಸ್ತು. ಕುರಿ ಅಂದ್ಕಂಡು ಹೋಗ್ಬಿಟ್ಟೆ.”

“ಅವತ್ತು ಹೊಲದಲ್ಲಿ ಮಂದೆ ಇತ್ತಾ?”

ಅಡ್ಡಡ್ಡ ತಲೆಯಾಡಿಸಿದ. ಇರಲಿಲ್ಲ.

ಬೆಂಗಳೂರಿನ ಪರೀಕ್ಷೆಯಲ್ಲಿ ಹೊಟ್ಟೆಯಲ್ಲಿ ಅಫೀಮು ಸಿಗಲಿಲ್ಲ. ಗಂಗವ್ವನನ್ನು ಬಿಟ್ಟರು, ಲಾಕಪ್ಪಿನಿಂದ ಬಂದವಳನ್ನು ಯಾರೂ ಮನೆಗೆ ಸೇರಿಸಲಿಲ್ಲ. ವಯಸ್ಸಾದವರ ನಾಡಿ ಸಿಗದೆ ಹೋಗುವುದುಂಟು ಎಂದು ಮೇಲಿನವರು ಬರೆದು, ಕಡೂರಿನ ಡಾಕ್ಟರನ್ನು ಉಳಿಸಿದರು. ನನ್ನ ವರದಿಯಲ್ಲಿ ಕೆಮ್ಮಿನ ಮಾತಿಲ್ಲ. ಬರೆಯುವುದಾದರೂ ಏನೆಂದು?

ರುದ್ರಪ್ಪ ಕೇಳಿದ್ದು ಗುಂಡಿಯೊಳಗೆ ಬದುಕಿದ್ದ ಮನುಷ್ಯನ ಕೆಮ್ಮು. ಅದು ನನಗೆ ಅರ್ಥವಾಗುತ್ತದೆ. ವಾರ ಕಳೆದ ಮೇಲೆ, ಆ ಒಣಗಿದ ಗಂಟಲ ಪಕ್ಕ ಕೂತು ನಾನೂ ನಂಜಪ್ಪನೂ ಕೇಳಿದ್ದು ಯಾರದ್ದು...

ಈಗಲೂ ಮನೆಯಲ್ಲಿ ಯಾರಾದರೂ ಕೆಮ್ಮಿದರೆ, ಅವರು ಮತ್ತೆ ಉಸಿರು ಎಳೆದುಕೊಳ್ಳುವವರೆಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಾಯುತ್ತೇನೆ.