ಕರಡಿಯ ಬೆನ್ನು

ಕಿನ್ನಾಳದ ಅನ್ನಪೂರ್ಣಳ ಮನೆಯಲ್ಲಿ ಎರಡು ರುಬ್ಬುವ ಕಲ್ಲು. ಒಂದು ಚಟ್ನಿಗೆ, ಇನ್ನೊಂದು ಹುಣಸೆಬೀಜಕ್ಕೆ. ಬೀಜ ನೆನೆಸಿ, ಅರೆದು, ಕುದಿಸಿ ಅಂಟು ಮಾಡುವುದು, ಗಂಡ ವಿರುಪಾಕ್ಷಿ ಕೆತ್ತಿದ ಮರದ ಗೊಂಬೆಗೆ ಅಂಟಿನ ಬಟ್ಟೆ ಸುತ್ತುವುದು, ಬಿಳಿಮಣ್ಣು ಲೇಪಿಸಿ ನೆರಳಲ್ಲಿ ಒಣಗಿಸಿ ಉಜ್ಜುವುದು ಅವಳ ಪಾಲು. ಆಮೇಲೆ ವಿರುಪಾಕ್ಷಿ ಬಣ್ಣ ಬಳಿದು, ಕಣ್ಣು ಬರೆದು ಕಲಾವಿದ ಎನಿಸಿಕೊಳ್ಳುತ್ತಾನೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅಂಟು ಬಿಟ್ಟಿತೆಂದು ಒಂದು ಗೊಂಬೆಯೂ ಮರಳಿ ಬಂದಿರಲಿಲ್ಲ.

ಹೋದ ತಿಂಗಳು ಕುಷ್ಟಗಿಯ ದಾಳಿಂಬೆ ವ್ಯಾಪಾರಿ ಅಕ್ಬರ ಒಂದು ಕರಡಿ ಗೊಂಬೆ ಮಾಡಿಸಿಕೊಂಡ. ಅವನ ಮಹಡಿಯ ಆಟದ ಕೋಣೆಯಲ್ಲಿ ಹಳೆಯ ಪಿನ್‌ಬಾಲ್ ಮಷೀನು ಇದೆ: ಇಳಿಜಾರು ಮೇಜು, ಮೇಲೆ ಗಾಜು, ಒಳಗೆ ಉಕ್ಕಿನ ಗುಂಡು. ಬದಿಯ ಬಟನ್ ಒತ್ತಿದರೆ ಎರಡು ಪುಟ್ಟ ಕೈಗಳು ಗುಂಡನ್ನು ಮೇಲಕ್ಕೆ ಚಿಮ್ಮುತ್ತವೆ. ಅದರೊಳಗೆ ಅಕ್ಬರ ದಾಳಿಂಬೆ ತೋಟ ಬರೆಸಿದ್ದ. ನಡುವೆ ಹಣ್ಣು ಕದಿಯಲು ಬಂದ ಈ ಕರಡಿ. ಗುಂಡು ಬಡಿದರೆ ದೀಪ ಹತ್ತಬೇಕು.

ಕರಡಿ ಹೋಗಿ ಎಂಟು ದಿನಕ್ಕೆ ಅಕ್ಬರನ ಫೋನು ಬಂತು.

“ಎದಿ ಮ್ಯಾಲಿನ ಬಣ್ಣ ಎದ್ದೈತೇನ್ರಿ?” ವಿರುಪಾಕ್ಷಿ ಒಲೆಯ ಕಡೆ ನೋಡಿ ದನಿ ತಗ್ಗಿಸಿದ. “ನಮ್ಮಾಕಿ ಅಂಟಿಗೆ ನೀರು ಹೆಚ್ಚು ಮಾಡ್ಯಾಳ್ರಿ. ನಾಳೆ ಬಂದು ನೋಡ್ತೀನ್ರಿ.”

ರೊಟ್ಟಿ ಬಡಿಯುತ್ತಿದ್ದ ಅನ್ನಪೂರ್ಣಳ ಕೈ ನಿಂತಿತು. “ನಾನೂ ಕುಷ್ಟಗಿಗೆ ಬರ್ತೀನ್ರಿ” ಎಂದಳು.

“ನೀ ಬಂದು ಏನ್ ಮಾಡ್ತಿ?”

“ನನ್ನ ಅಂಟು ನೋಡ್ತೀನಿ.”

ಇಬ್ಬರೂ ಕುಷ್ಟಗಿಗೆ ಹೋದಾಗ ಅಕ್ಬರ ಗಾಜು ಸರಿಸಿಕೊಟ್ಟ. ಅನ್ನಪೂರ್ಣ ಕರಡಿಯ ಎದೆಯನ್ನು ಉಗುರಿನಿಂದ ಕೆರೆದಳು: ಮೇಲೆ ಗಟ್ಟಿ, ಒಳಗೆ ಹಸಿ. ಬೆನ್ನು ಕೆರೆದಳು, ಉಗುರೇ ಜಾರಿತು. ರವಿವಾರ ಅಕ್ಬರನ ಗೆಳೆಯರು ಆಡಲು ಬರುತ್ತಾರೆಂದು ವಿರುಪಾಕ್ಷಿ ಅವಸರಪಟ್ಟಿದ್ದ. ಅವಳು ಬ್ಯಾಡ ಅಂದರೂ ಕೇಳದೆ ಹಸಿ ಕರಡಿಯನ್ನು ಗೋಡೆಗೆ ಆನಿಸಿ, ಎದೆಯನ್ನು ಬಿಸಿಲಿಗೆ ಒಡ್ಡಿದ್ದ. ಎದೆಯ ಮೇಲ್ಪದರ ಬೇಗ ಬಿಗಿದು ಒಳಗೆ ಹಸಿ ಉಳಿದಿತ್ತು; ಬೆನ್ನು ನೆರಳಲ್ಲಿ ನಿಧಾನವಾಗಿ ಒಣಗಿತ್ತು.

“ಇದನ್ನ ತಿರುಗಿಸಿ ನಿಂದ್ರಸ್ರಿ, ಅಣ್ಣಾರ. ಬೆನ್ನಿಗೆ ಬಡೀಲಿ. ಎದಿಗೂ ಬೆನ್ನಿಗೂ ಒಂದ ಗಡಿಗ್ಯಾಗಿನ ಅಂಟು ಹಚ್ಚೀನ್ರಿ.”

ಅಕ್ಬರ ತಿರುಗಿಸಿ ನಕ್ಕ. “ಹಣ್ಣು ಕದ್ದು ಓಡಿ ಹೊಂಟಂಗ ಕಾಣ್ತೈತಿ.” ಆಡಲು ಮುಂದಾದವನನ್ನು ಅನ್ನಪೂರ್ಣ ತಡೆದಳು. “ನಾ ಆಡ್ತೀನ್ರಿ.”

ಮೊದಲ ಗುಂಡು ಸೀದಾ ಕೆಳಗೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಬರನ ಹೆಂಡತಿ ಮೆಹಬೂಬಬೀ, “ಜರಾ ತಡದು ಒತ್ತವಾ, ಗುಂಡು ಆ ಪುಟ್ಟ ಕೈ ತುದೀಗೆ ಬರಲಿ” ಎಂದಳು.

“ನಿನಗಿದನ್ನ ಯಾರು ಕಲಿಸ್ಯಾರ?” ಅಕ್ಬರ ಬೆರಗಾದ.

“ದಿನಾ ಗಾಜು ಒರಸೂವಾಗ ಕಣ್ಣು ಮುಚ್ಚಿಕೊಂಡಿರ್ತೀನೇನ್ರಿ?”

ಎಡದ ಬಟನ್ನಿಗೆ ಅವಳು ನಿಂತಳು, ಬಲದ್ದಕ್ಕೆ ಅನ್ನಪೂರ್ಣ. ಗುಂಡು ಕರಡಿಯ ಬೆನ್ನಿಗೆ ಬಡಿಯಿತು, ದೀಪ ಹತ್ತಿತು. ಮತ್ತೆ ಬಡಿಯಿತು. ಎಣಿಕೆ ತಪ್ಪುವಷ್ಟು ಸಲ ಬಡಿದರೂ ಬಣ್ಣದ ಒಂದು ಚೂರು ಏಳಲಿಲ್ಲ.

ಎಲ್ಲರೂ ವಿರುಪಾಕ್ಷಿಯನ್ನು ನೋಡಿದರು. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. “ಬಿಸಿಲಿಗೆ ಇಟ್ಟಾಂವ ನಾನ್ರಿ. ಅಂಟಿನ ತಪ್ಪಲ್ಲ.”

“ಹಂಗಾರ ಹೊಸಾದು ಯಾವಾಗ?” ಅಕ್ಬರ ಈ ಸಲ ಕೇಳಿದ್ದು ಅನ್ನಪೂರ್ಣಳನ್ನು.

“ನೆರಳಿನ್ಯಾಗ ಒಣಗಿದ ಮ್ಯಾಲ್ರಿ.”

ಮರುದಿನ ಮುಂಜಾನೆ ಅವಳು ನೆನೆದ ಹುಣಸೆಬೀಜದ ಬುಟ್ಟಿಯನ್ನು ಗಂಡನ ಮುಂದಿಟ್ಟಳು. “ಈ ಸಲ ನೀವ ಅರೀರಿ.”

ಅವನು ಕಲ್ಲಿನ ಮುಂದೆ ಕೂತ. ಸ್ವಲ್ಪ ಹೊತ್ತಿಗೇ ರಟ್ಟೆ ನೋಯಿತು. “ಎಲ್ಲೀತನಕ ಅರೀಬೇಕು?”

“ನಾ ಸಾಕು ಅನ್ನೂತನಕ್ರಿ” ಎಂದು ಅನ್ನಪೂರ್ಣ ಚಹಾದ ಬಟ್ಟಲು ಹಿಡಿದು ನೆರಳಿಗೆ ಕೂತಳು.